ಇಳಕಲ್ ಸೀರೆಯ ಅಂಗಡಿಗೆ ಯಾವ ಥೀಮ್?

ಪ್ರಶ್ನೆ: ನಮ್ಮದು ಇಳಕಲ್‌ನಲ್ಲಿ ಕೈಮಗ್ಗದ ಸೀರೆ ವ್ಯಾಪಾರ. ಇಲ್ಲಿವರೆಗೆ ವಾಟ್ಸಾಪ್‌ನಲ್ಲೇ ಫೋಟೊ ಕಳಿಸಿ ಮಾರುತ್ತಿದ್ದೆವು. ಈಗ ಸೈಟ್ ಕಟ್ಟುವ ವರ್ಡ್‌ಪ್ರೆಸ್, ಅದಕ್ಕೆ ಅಂಗಡಿ ಸೇರಿಸುವ ವೂಕಾಮರ್ಸ್ ಹಾಕಿಕೊಂಡು ಸ್ವಂತ ಸೈಟ್ ಮಾಡುತ್ತಿದ್ದೇವೆ. ಅಂಗಡಿಗೆಂದೇ ಮಾಡಿದ ಥೀಮ್ (ಸೈಟ್‌ನ ಸಿದ್ಧ ವಿನ್ಯಾಸ) ಸಾಕು ಅಂತ ನಾನು. ಎಲ್ಲವೂ ಇರುವ ದೊಡ್ಡ ಟೆಂಪ್ಲೇಟ್ ತಗೊಂಡರೆ ಮುಂದೆ ಬ್ಲಾಗ್, ಗ್ಯಾಲರಿ ಎಲ್ಲಕ್ಕೂ ಆಗುತ್ತೆ ಅಂತ ಮಗ. ಸದ್ಯಕ್ಕೆ 80 ಸೀರೆ ಹಾಕಬೇಕು. ಯಾವುದು ಸರಿ?
- ಓದುಗರೊಬ್ಬರು, ಇಳಕಲ್

ಉತ್ತರ: ಮಗನಿಗೆ ಬೇಜಾರಾಗಬಹುದು, ಆದರೆ ನನ್ನ ವೋಟು ನಿಮಗೆ.

ಮಾರಾಟದ ಕೆಲಸ ಮಾಡುವುದು ಥೀಮ್ ಅಲ್ಲ, ವೂಕಾಮರ್ಸ್. ಸೀರೆಯ ಹೆಸರು, ಬೆಲೆ, ಸ್ಟಾಕ್, ಬಂದ ಆರ್ಡರ್ ಎಲ್ಲ ಅದರ ಲೆಕ್ಕದಲ್ಲೇ ಇರುತ್ತವೆ, ನಾಳೆ ಥೀಮ್ ಬದಲಿಸಿದರೂ ಅವು ಎಲ್ಲೂ ಹೋಗುವುದಿಲ್ಲ. ಹಾಗಾಗಿ ಮುಂದೆ ಬೇಕಾಗಬಹುದು ಅಂತ ಇವತ್ತೇ ದೊಡ್ಡದನ್ನು ತಂದಿಟ್ಟುಕೊಳ್ಳಬೇಕಿಲ್ಲ. ಬ್ಲಾಗ್ ಅಂತೂ ವರ್ಡ್‌ಪ್ರೆಸ್ ಹುಟ್ಟಿದ್ದೇ ಅದಕ್ಕಾಗಿ, 2003ರಲ್ಲಿ. ಗ್ಯಾಲರಿಯೂ ಅದರೊಳಗೇ ಇದೆ.

ದೊಡ್ಡ ಟೆಂಪ್ಲೇಟಿನ ತೊಂದರೆ ಕೊಳ್ಳುವಾಗ ಗೊತ್ತಾಗುವುದಿಲ್ಲ, ಬಿಡುವಾಗ ಗೊತ್ತಾಗುತ್ತದೆ. ಇಂಥ ಬಹಳಷ್ಟು ಟೆಂಪ್ಲೇಟ್‌ಗಳಲ್ಲಿ ಪುಟ ಕಟ್ಟಲು ಅವರದೇ ಒಂದು ಬಿಲ್ಡರ್ ಇರುತ್ತದೆ. ನಾನೇ ಒಮ್ಮೆ ಅಂಥದ್ದನ್ನು ತೆಗೆದು ಹಾಕಿದೆ ನೋಡಿ, ಅಂದವಾಗಿದ್ದ ಪುಟದ ತುಂಬಾ ಚೌಕ ಕಂಸದೊಳಗಿನ ಕೋಡ್ ಉಳಿಯಿತು, ಎರಡು ಭಾನುವಾರ ಕೂತು ಒಂದೊಂದೇ ಪುಟ ಹೊಸದಾಗಿ ಬರೆದೆ.

ಇನ್ನೊಂದು, ಜೊತೆಗೆ ಪುಕ್ಕಟೆ ಕೊಡುವ ಪ್ಲಗಿನ್‌ಗಳು, ಅಂದರೆ ಸೈಟ್‌ಗೆ ಹೊಸ ಸೌಲಭ್ಯ ಸೇರಿಸುವ ಚಿಕ್ಕ ಸಾಫ್ಟ್‌ವೇರ್‌ಗಳು. ಅವಕ್ಕೆ ನಿಮ್ಮ ಹೆಸರಲ್ಲಿ ಬೇರೆ ಲೈಸೆನ್ಸ್ ಇರುವುದಿಲ್ಲ, ಥೀಮ್ ಮಾಡಿದವರು ಹೊಸ ಆವೃತ್ತಿ ಸೇರಿಸಿ ಕೊಟ್ಟಾಗಲೇ ನಿಮಗೂ ಸಿಗುವುದು. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಅನ್ನುವ ಪ್ಲಗಿನ್‌ನಲ್ಲಿ ಒಂದು ತೂತಿತ್ತು. ಮಾಡಿದವರು ಅದನ್ನು ಮುಚ್ಚಿದ್ದರು. ಆದರೆ ಅದು ನೂರಾರು ಥೀಮ್‌ಗಳ ಹೊಟ್ಟೆಯೊಳಗೆ ಹಳೆಯದಾಗಿಯೇ ಕೂತಿತ್ತು, ಎಷ್ಟೋ ಸೈಟ್‌ಗಳವರಿಗೆ ತಮ್ಮಲ್ಲಿ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಸೋಕ್‌ಸೋಕ್ ಅನ್ನುವ ಮಾಲ್‌ವೇರ್ ಅದೇ ತೂತಿನಿಂದ ನುಗ್ಗಿತು. ಲಕ್ಷಕ್ಕೂ ಹೆಚ್ಚು ಸೈಟ್‌ಗಳು ಕೆಟ್ಟವು ಅನ್ನುವ ಅಂದಾಜಿದೆ. ದುಡ್ಡು ಕೈಬದಲಾಗುವ ಜಾಗದಲ್ಲಿ ಬಳಸದ ಸಾಮಾನು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ಅಲ್ವಾ?

ಈಗ ನಿಮ್ಮ ಸೀರೆಗೆ ಬರೋಣ. ಕೈಮಗ್ಗದ್ದು ಅಂದರೆ ಆ ಬಣ್ಣ, ಆ ದಡಿ ಒಂದೇ ಒಂದು ಇರುತ್ತದೆ. ಮಾರಿದ ಮೇಲೂ ಅದು ಪಟ್ಟಿಯಲ್ಲಿ ಕಾಣುತ್ತಿದ್ದರೆ ದಿನಾ ಹತ್ತು ಫೋನ್ ಬರುತ್ತವೆ. ಸ್ಟಾಕ್ 1 ಅಂತ ಹಾಕಿ, ಸ್ಟಾಕ್ ಮುಗಿದದ್ದನ್ನು ಮರೆಮಾಡುವ ಸೆಟ್ಟಿಂಗ್ ವೂಕಾಮರ್ಸ್‌ನಲ್ಲೇ ಇದೆ, ಆನ್ ಮಾಡಿ. ಗೋಮಿ ದಡಿ, ಚಿಕ್ಕಿ ಪರಾಸ್ ದಡಿ, ಹತ್ತಿ ಒಡಲು, ರೇಷ್ಮೆ ಒಡಲು ಅಂತ ಆರಿಸಿ ನೋಡುವ ಫಿಲ್ಟರ್ ಮೊಬೈಲ್‌ನಲ್ಲಿ ಸಲೀಸಾಗಿ ತೆರೆದುಕೊಳ್ಳಬೇಕು. ಫೋಟೊ ದೊಡ್ಡದು ಮಾಡಿದರೆ ಸೆರಗನ್ನು ಒಡಲಿಗೆ ಕೂಡಿಸುವ ಕೊಂಡಿ ಕಾಣಬೇಕು, ಯಾಕೆಂದರೆ ತಿಳಿದವರು ಇಳಕಲ್ ಸೀರೆಯಲ್ಲಿ ಮೊದಲು ನೋಡುವುದೇ ಅದನ್ನು. ಅಂಗಡಿಗೆಂದೇ ಮಾಡಿದ ಥೀಮ್‌ನಲ್ಲಿ ಫಿಲ್ಟರ್, ಫೋಟೊ ಎರಡೂ ಸರಿಯಾಗಿರುವುದೇ ಜಾಸ್ತಿ. ದೊಡ್ಡ ಟೆಂಪ್ಲೇಟ್‌ಗಳಲ್ಲಿ ಮುಖಪುಟ ಜಗಮಗ, ಕಾರ್ಟ್ ಪುಟ ಸುಮ್ನೆ ಹಾಗೇ ಬಿಟ್ಟಿರುತ್ತಾರೆ.

ಮೊದಲಿಗೆ ದುಡ್ಡು ಕೊಡಲೇಬೇಡಿ. ವೂಕಾಮರ್ಸ್‌ನವರದೇ ಸ್ಟೋರ್‌ಫ್ರಂಟ್ ಅನ್ನುವ ಥೀಮ್ ಪುಕ್ಕಟೆ ಸಿಗುತ್ತದೆ. ನೋಡಲು ಸಪ್ಪೆ, ಒಪ್ಪುತ್ತೇನೆ. ಆದರೆ ಸೀರೆಯೇ ಅಷ್ಟು ಬಣ್ಣದ್ದಿರುವಾಗ ಸುತ್ತ ಸಪ್ಪೆ ಇದ್ದರೇ ಚೆಂದ. ಆಮೇಲೆ ಥೀಮ್ ಮಾರುವ ಥೀಮ್‌ಫಾರೆಸ್ಟ್ ಸೈಟ್‌ನಲ್ಲಿ ಕೊಂಡರೆ ನೆನಪಿಡಿ, ಒಂದು ಲೈಸೆನ್ಸ್ ಒಂದು ಸೈಟ್‌ಗೆ ಮಾತ್ರ, ಮಾಮೂಲಿ ಬೆಲೆಗೆ 6 ತಿಂಗಳ ಸಪೋರ್ಟ್. ಡೆಮೊದಲ್ಲಿರುವ ಆ ಚೆಂದದ ಫೋಟೊಗಳು ಬಹಳ ಸಲ ನಿಮಗೆ ಸಿಗುವುದಿಲ್ಲ.

ಅಂಗಡಿ ಥೀಮ್‌ಗೂ ಒಂದು ಕಾಟ ಇದೆ. ವೂಕಾಮರ್ಸ್‌ನ ಪುಟಗಳನ್ನು ಅದು ತನ್ನದೇ ಪ್ರತಿ ಮಾಡಿ ಇಟ್ಟುಕೊಂಡಿದ್ದರೆ, ವೂಕಾಮರ್ಸ್ ಅಪ್‌ಡೇಟ್ ಆದಾಗ ಆ ಪ್ರತಿ ಹಳತಾಗುತ್ತದೆ. ವೂಕಾಮರ್ಸ್‌ನ ಸ್ಟೇಟಸ್ ಪುಟದ ಕೆಳಗೆ ಅದರ ಎಚ್ಚರಿಕೆ ಬರುತ್ತದೆ, ತಿಂಗಳಿಗೊಮ್ಮೆ ನೋಡಿ.

ಮಗನ ಮಾತು ಸರಿಯಾಗುವ ಸಂದರ್ಭವೂ ಇದೆ. ಹೋಮ್‌ಸ್ಟೇ ನಡೆಸುತ್ತಾ ಮೂಲೆಯಲ್ಲಿ ನಾಲ್ಕು ಜೇನಿನ ಬಾಟಲಿ ಮಾರುವವರಾಗಿದ್ದರೆ ನಾನೂ ಅವನ ಕಡೆಗೇ ಇರುತ್ತಿದ್ದೆ.

ಯಾವುದನ್ನೇ ಆರಿಸಿ, ಮೊದಲು ಅದರ ಡೆಮೊ ಅಂಗಡಿಯನ್ನು ವೈಫೈ ಆಫ್ ಮಾಡಿ ನಿಮ್ಮ ಮನೆಯಲ್ಲಿರುವ ಅತಿ ಹಳೇ ಫೋನಿನಲ್ಲಿ ತೆರೆಯಿರಿ. ಒಂದು ವಸ್ತು ಕಾರ್ಟ್‌ಗೆ ಹಾಕಿ ಚೆಕ್‌ಔಟ್ ತನಕ ಹೋಗಿ. ಅಲ್ಲಿ ನಿಮಗೇ ತಾಳ್ಮೆ ಕೆಟ್ಟರೆ ಆ ಥೀಮ್ ಬಿಡಿ. ಮಗನಿಗೆ ಫೋಟೊ ಕೆಲಸ ಕೊಡಿ: ಒಡಲು, ದಡಿ, ಸೆರಗು, ಕೊಂಡಿ, ಒಂದು ಸೀರೆಗೆ ನಾಲ್ಕು, ಬೆಳಗಿನ ಬೆಳಕಲ್ಲಿ. 80 ಸೀರೆಗೆ 320 ಫೋಟೊ ಆಯಿತು, ಅಷ್ಟು ಮುಗಿಯುವ ಹೊತ್ತಿಗೆ ಥೀಮ್ ಜಗಳ ಅವನಿಗೇ ಮರೆತಿರುತ್ತದೆ.