ರೈಮಿಯ ನಾಲ್ಕನೇ ಸ್ಪೈಡರ್-ಮ್ಯಾನ್ 2011ರಲ್ಲಿ ಬಂದಿದ್ದರೆ ಮಾರ್ವೆಲ್ ಕಥೆ ಏನಾಗುತ್ತಿತ್ತು?

ರೈಮಿಯ ಸ್ಪೈಡರ್-ಮ್ಯಾನ್ ಆಗಿದ್ದ ಟೋಬಿ ಮ್ಯಾಗ್ವಾಯರ್, ಮಾರ್ವೆಲ್‌ನ ನಾಯಕರು ಒಟ್ಟಿಗೆ ಸೇರುವ 2012ರ 'ಅವೆಂಜರ್ಸ್'ನಲ್ಲಿ ಇರುತ್ತಿರಲಿಲ್ಲ. ನಿಮ್ಮ ಊಹೆಗಳಲ್ಲಿ ಇದೊಂದನ್ನು ಮೊದಲೇ ಬದಿಗಿಡೋಣ. ಉಳಿದವಕ್ಕೆ ಉದ್ದದ ಉತ್ತರ ಬೇಕು. ಮಳೆ ಹಿಡಿದು ಕೂತಿದೆ, ಪತ್ರ ಬರೆಸಲು ಯಾರೂ ಬರುವಂತಿಲ್ಲ, ಹಾಗಾಗಿ ಬರೆಯುತ್ತೇನೆ.

ಪ್ರಶ್ನೆಯ ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಯಾಮ್ ರೈಮಿ 2002, 2004, 2007ರಲ್ಲಿ ಮೂರು ಸ್ಪೈಡರ್-ಮ್ಯಾನ್ ಚಿತ್ರ ಮಾಡಿದರು. ನಾಲ್ಕನೆಯದಕ್ಕೆ ಸೋನಿ 2011ರ ಮೇ 6 ಎಂದು ದಿನ ಗೊತ್ತುಮಾಡಿತ್ತು. ಜಾನ್ ಮಾಲ್ಕೊವಿಚ್ ವಲ್ಚರ್ ಎಂಬ ರೆಕ್ಕೆಯ ಖಳನಾಗುವ ಮಾತಿತ್ತು, ಆನ್ ಹ್ಯಾಥವೇ ಹೆಸರೂ ಕೇಳಿಬಂದಿತ್ತು. 2010ರ ಜನವರಿಯಲ್ಲಿ ಸೋನಿ ಅದನ್ನು ಕೈಬಿಟ್ಟು, ಹೊಸ ಹುಡುಗನನ್ನು ಹಾಕಿಕೊಂಡು ಮೊದಲಿನಿಂದ ಶುರುಮಾಡುತ್ತೇವೆ ಎಂದಿತು. ಕೈಬಿಡದೇ ಇದ್ದಿದ್ದರೆ ಟೋಬಿ ಅವೆಂಜರ್ಸ್ ಸೇರುತ್ತಿದ್ದರೇ, ಮುಂದೆ ಮಾರ್ವೆಲ್ ಚಿತ್ರಗಳಲ್ಲಿ ಸ್ಪೈಡರ್-ಮ್ಯಾನ್ ಆದ ಟಾಮ್ ಹಾಲೆಂಡ್ ಬರುತ್ತಲೇ ಇರಲಿಲ್ಲವೇ, ಮಾರ್ವೆಲ್ ಇಷ್ಟು ಬೆಳೆಯುತ್ತಿತ್ತೇ ಎಂದು ನೀವು ಕೇಳಿದ್ದೀರಿ.

ನಾನು ಅಂಕೋಲೆಯಲ್ಲಿ ದಸ್ತಾವೇಜು ಬರೆಯುವವನು. ಕ್ರಯಪತ್ರ, ಗುತ್ತಿಗೆ ಪತ್ರ, ಹಿಸ್ಸೆ ಪತ್ರ ಇವೇ ನನ್ನ ದಿನಚರಿ. ಸಿನಿಮಾದವರ ಇತಿಹಾಸ ಓದುವಾಗಲೂ ನನ್ನ ಕಣ್ಣು ನಟರಿಗಿಂತ ಮೊದಲು ಹೋಗುವುದು ವಾಯಿದೆ ಎಷ್ಟು, ಷರತ್ತು ಏನು ಎನ್ನುವ ಕಡೆಗೆ. ಈ ಕಥೆಯ ಕೀಲಿ ಇರುವುದೂ ಅಲ್ಲೇ ಎಂದು ನನ್ನ ಅಭಿಪ್ರಾಯ.

ಸಿನಿಮಾ ಹಕ್ಕು ಎಂದರೆ ನಮ್ಮ ಕಡೆ ಕರಿ ಈಶಾಡ ಮಾವಿನ ಮರವನ್ನು ಫಸಲಿಗೆ ಗುತ್ತಿಗೆ ಕೊಟ್ಟಂತೆ. ಮರ ಯಜಮಾನನದೇ, ಕಾಯಿ ಗುತ್ತಿಗೆದಾರನದು, ಅದೂ ಹೇಳಿದ ಮುದ್ದತ್ತಿನವರೆಗೆ ಮಾತ್ರ. ಸ್ಪೈಡರ್-ಮ್ಯಾನ್ ಎಂಬ ಪಾತ್ರ ಮಾರ್ವೆಲ್‌ನದು. ಅದರ ಮೇಲೆ ಸಿನಿಮಾ ತೆಗೆಯುವ ಹಕ್ಕು ಸೋನಿಯದು. 2011ರಲ್ಲಿ ಇಬ್ಬರೂ ಕೂತು ತಿದ್ದಿ ಬರೆದ ಒಪ್ಪಂದದ ಷರತ್ತು ಆಮೇಲೆ ಹೊರಬಿತ್ತು: ಹಿಂದಿನ ಚಿತ್ರ ತೆರೆಗೆ ಬಂದ 3 ವರ್ಷ 9 ತಿಂಗಳೊಳಗೆ ಮುಂದಿನದರ ಕೆಲಸ ಶುರುವಾಗಬೇಕು, 5 ವರ್ಷ 9 ತಿಂಗಳೊಳಗೆ ಅದು ತೆರೆಗೆ ಬರಬೇಕು. ತಪ್ಪಿದರೆ ಹಕ್ಕು ಮಾರ್ವೆಲ್‌ಗೆ ವಾಪಸ್.

ಇಂಥ ವಾಯಿದೆ ಏನೇನು ಮಾಡಿಸುತ್ತದೆ ಎನ್ನುವುದಕ್ಕೆ ಒಂದು ಹಳೆಯ ಪ್ರಸಂಗ ಇದೆ. ಬೆರ್ಂಡ್ ಐಖಿಂಗರ್ ಎಂಬ ಜರ್ಮನ್ ನಿರ್ಮಾಪಕನ ಕೈಯಲ್ಲಿ ಮಾರ್ವೆಲ್‌ನದೇ 'ಫೆಂಟಾಸ್ಟಿಕ್ ಫೋರ್' ಪಾತ್ರಗಳ ಸಿನಿಮಾ ಹಕ್ಕು ಇತ್ತು. 1992ರ ಕೊನೆಗೆ ಅದರ ಅವಧಿ ಮುಗಿಯುವುದಿತ್ತು. ಆತ ಕಡಿಮೆ ಖರ್ಚಿನ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಹತ್ತಿರ ಹೋಗಿ, ಸುಮಾರು 10 ಲಕ್ಷ ಡಾಲರ್‌ನಲ್ಲಿ, ಆ ವರ್ಷದ ಡಿಸೆಂಬರಿನಲ್ಲೇ ಚಿತ್ರೀಕರಣ ಶುರುಮಾಡಿಸಿದ. ಸಿನಿಮಾ ತಯಾರಾಯಿತು, ಚಿತ್ರಮಂದಿರಕ್ಕೆ ಮಾತ್ರ ಬರಲೇ ಇಲ್ಲ. ಹಕ್ಕು ಉಳಿಯಿತು, 2005ರಲ್ಲಿ ದೊಡ್ಡ ಚಿತ್ರವೂ ಆಯಿತು. ತಿರುವುಮುರುವಾದ ಉದಾಹರಣೆಯೂ ಇದೆ: ಫಾಕ್ಸ್ ಕಂಪನಿ 'ಡೇರ್‌ಡೆವಿಲ್' ಮುಂದುವರಿಸಲು ನಿರ್ದೇಶಕರನ್ನು ಹುಡುಕುತ್ತಾ ಕೂತು, 2012ರ ವಾಯಿದೆ ಮೀರಿತು, ಪಾತ್ರ ಮಾರ್ವೆಲ್‌ಗೆ ಹೋಯಿತು.

ಸೋನಿಗೂ ಈ ಹಕ್ಕು ಸುಮ್ಮನೆ ಸಿಕ್ಕಿದ್ದಲ್ಲ. 1985ರಲ್ಲಿ ಕ್ಯಾನನ್ ಕಂಪನಿ ಅದನ್ನು ತೆಗೆದುಕೊಂಡಿತ್ತು. ಅಲ್ಲಿಯ ಮೆನಹೆಮ್ ಗೋಲನ್‌ಗೆ ಸ್ಪೈಡರ್-ಮ್ಯಾನ್ ಎಂದರೆ ಜೇಡವಾಗಿ ಮಾರ್ಪಡುವ ಮನುಷ್ಯ ಎಂಬ ಕಲ್ಪನೆ ಇತ್ತಂತೆ! ಆಮೇಲೆ ಆತ ಟಿವಿ ಹಕ್ಕನ್ನು ವಯಾಕಾಂಗೆ, ವಿಡಿಯೋ ಹಕ್ಕನ್ನು ಕೊಲಂಬಿಯಾಕ್ಕೆ, ಚಿತ್ರಮಂದಿರದ ಹಕ್ಕನ್ನು ಕ್ಯಾರೊಲ್ಕೊಗೆ ಹಂಚಿದ. ಜೇಮ್ಸ್ ಕ್ಯಾಮರನ್ ಕಥೆ ಬರೆದುಕೊಟ್ಟರು, ಕ್ಯಾರೊಲ್ಕೊ 1995ರಲ್ಲಿ ದಿವಾಳಿಯಾಯಿತು, ವ್ಯಾಜ್ಯ ಎದ್ದಿತು. ಕೊನೆಗೆ 1999ರಲ್ಲಿ ರಾಜಿ: ಜೇಮ್ಸ್ ಬಾಂಡ್ ಮೇಲಿನ ತನ್ನ ವಾದವನ್ನು ಸೋನಿ ಬಿಟ್ಟುಕೊಟ್ಟಿತು, ಸ್ಪೈಡರ್-ಮ್ಯಾನ್ ಮೇಲಿನದನ್ನು ಎಂಜಿಎಂ ಎಂಬ ಸ್ಟುಡಿಯೋ ಬಿಟ್ಟಿತು. ಹೀಗೆ ಕಷ್ಟಪಟ್ಟು ಕೈಗೆ ಬಂದದ್ದನ್ನು ಯಾರೂ ವಾಯಿದೆ ತಪ್ಪಿಸಿ ಕಳೆದುಕೊಳ್ಳುವುದಿಲ್ಲ. ಮುಂದಿನ ಲೆಕ್ಕಕ್ಕೆ ಇದು ಬೇಕಾಗುತ್ತದೆ.

ಈಗ 2010ಕ್ಕೆ ಬರೋಣ. ಚಿತ್ರ ನಿಂತದ್ದು ಹಣದ ಕೊರತೆಯಿಂದಲ್ಲ, ಜಗಳದಿಂದಲೂ ಅಲ್ಲ. ಹಲವು ಲೇಖಕರ ಕೈ ದಾಟಿದರೂ ಚಿತ್ರಕಥೆ ರೈಮಿಯ ಮನಸ್ಸಿಗೆ ಬಂದಿರಲಿಲ್ಲ. ಆ ತಾರೀಖಿಗೆ ಒಳ್ಳೆಯ ಚಿತ್ರ ಕೊಡಲಾರೆ ಎಂದು ಅವರೇ ಸ್ಟುಡಿಯೋ ಮುಖ್ಯಸ್ಥೆ ಏಮಿ ಪಾಸ್ಕಲ್‌ಗೆ ಹೇಳಿದರು. ಹಾಗಾಗಿ 'ನಿಲ್ಲದೇ ಇದ್ದಿದ್ದರೆ' ಎನ್ನುವವರು ಯಾವ ಚಿತ್ರವನ್ನು ಕಲ್ಪಿಸಿಕೊಳ್ಳುತ್ತಿದ್ದಾರೆ ಎಂದು ಮೊದಲು ಹೇಳಬೇಕು. ಎಲ್ಲರೂ ಕಲ್ಪಿಸಿಕೊಳ್ಳುವುದು ಎರಡನೇ ಭಾಗದಂಥ ಚಿತ್ರವನ್ನು. ತಾರೀಖು ಬದಲಾಗದೆ ಬಂದಿದ್ದರೆ ಅದು ಮೂರನೇ ಭಾಗದ ತಮ್ಮನಾಗಿರುತ್ತಿತ್ತು: ಖಳರು ತುರುಕಿದ್ದು, ಕಥೆ ಸಡಿಲ, ಗಲ್ಲಾಪೆಟ್ಟಿಗೆ ಮಾತ್ರ ಭರ್ತಿ. ಮೂರನೆಯದೂ ಸುಮಾರು 89 ಕೋಟಿ ಡಾಲರ್ ಗಳಿಸಿತ್ತಲ್ಲ.

ಸರಿ, ಬಂತು ಎಂದುಕೊಳ್ಳಿ. ಮೊದಲು ಅಲುಗುವುದು ಮಾರ್ವೆಲ್‌ನ ಥಾರ್ ಚಿತ್ರ. ನಿಜವಾದ ಇತಿಹಾಸದಲ್ಲಿ ಮೇ 20ಕ್ಕೆ ಬರಬೇಕಿದ್ದ 'ಥಾರ್', ಸ್ಪೈಡರ್-ಮ್ಯಾನ್ ತೆರವು ಮಾಡಿದ ಮೇ 6ಕ್ಕೆ ಬಂದು ಕೂತಿತು. ಬೇಸಿಗೆಯ ಮೊದಲ ವಾರ ಹಾಲಿವುಡ್ಡಿನವರಿಗೆ ಒಳ್ಳೆಯ ಜಾಗ. ಅದು ಸಿಗದಿದ್ದರೂ ಥಾರ್ ಮುಳುಗುತ್ತಿತ್ತು ಎಂದು ನನಗನ್ನಿಸುವುದಿಲ್ಲ, ಹಣ ಸ್ವಲ್ಪ ತಗ್ಗುತ್ತಿತ್ತು ಅಷ್ಟೆ. ಹ್ಯಾಥವೇ 2011ರ ಜನವರಿಯಲ್ಲಿ ನೋಲನ್ ಅವರ ಬ್ಯಾಟ್‌ಮ್ಯಾನ್ ಚಿತ್ರಕ್ಕೆ ಆಯ್ಕೆಯಾದರು. ಮೇ ತಿಂಗಳಲ್ಲಿ ಸ್ಪೈಡರ್-ಮ್ಯಾನ್‌ನಲ್ಲಿ ಕಾಣಿಸಿಕೊಳ್ಳುವುದಿದ್ದಿದ್ದರೆ ಅದರ ಕ್ಯಾಟ್‌ವುಮನ್ ವೇಷ ಬೇರೆಯವರಿಗೆ ಹೋಗುತ್ತಿತ್ತು.

ಅವೆಂಜರ್ಸ್ ವಿಷಯ. ಆಗ ಸೋನಿ ಮತ್ತು ಮಾರ್ವೆಲ್ ಎರಡು ಬೇರೆ ಮನೆ. 2012ರಲ್ಲಿ ಸೋನಿಯ ಹೊಸ ಸ್ಪೈಡರ್-ಮ್ಯಾನ್ ಚಿತ್ರದ ಆಸ್ಕಾರ್ಪ್ ಕಟ್ಟಡವನ್ನು ಅವೆಂಜರ್ಸ್‌ನ ನ್ಯೂಯಾರ್ಕಿನಲ್ಲಿ ಒಂದು ಮೂಲೆಗೆ ತೋರಿಸೋಣ ಎಂಬ ಮಾತು ನಡೆದಿತ್ತು. ಆ ಹೊತ್ತಿಗೆ ಊರಿನ ಗ್ರಾಫಿಕ್ಸ್ ಮುಗಿದುಹೋಗಿತ್ತು ಎಂದು ಅದೂ ಬಿದ್ದುಹೋಯಿತು. ಒಂದು ಕಟ್ಟಡವನ್ನೇ ಒಳಗೆ ತರಲು ಆಗದವರು ಟೋಬಿಯನ್ನು ಎಲ್ಲಿಂದ ತರುತ್ತಾರೆ ಮಾರಾಯ್ರೆ.

ನನಗೆ ಖುಷಿ ಕೊಡುವ ಲೆಕ್ಕ ಇದರ ಮುಂದಿನದು. ಅದೇ ಷರತ್ತು ಆ ಇನ್ನೊಂದು ಇತಿಹಾಸದಲ್ಲೂ ಇತ್ತು ಎಂದುಕೊಳ್ಳಿ. 2011ರ ಮೇ 6ಕ್ಕೆ 3 ವರ್ಷ 9 ತಿಂಗಳು ಕೂಡಿಸಿದರೆ 2015ರ ಫೆಬ್ರವರಿ 6. ಅಷ್ಟರೊಳಗೆ ಐದನೇ ಚಿತ್ರದ ಕೆಲಸ ಶುರುವಾಗಿರಬೇಕು. ನಿಜವಾದ ಇತಿಹಾಸದಲ್ಲಿ ಸೋನಿ ಮತ್ತು ಮಾರ್ವೆಲ್ ಸ್ಪೈಡರ್-ಮ್ಯಾನ್‌ನನ್ನು ಹಂಚಿಕೊಳ್ಳುತ್ತೇವೆ ಎಂದು ಘೋಷಿಸಿದ್ದು 2015ರ ಫೆಬ್ರವರಿ 9ಕ್ಕೆ! ಮೂರೇ ದಿನದ ಅಂತರ. ಕಾಕತಾಳೀಯವೇ, ಆದರೂ ಎರಡು ದಾರಿಗಳ ಅಂತರ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ನಿಜವಾಗಿ ನಡೆದದ್ದರಲ್ಲಿ ಸೋನಿಗೆ ಆ ಫೆಬ್ರವರಿಯಲ್ಲಿ ವಾಯಿದೆಯ ಒತ್ತಡ ಇರಲಿಲ್ಲ. 2012ರಲ್ಲಿ ಸೋನಿಯ ಹೊಸ ಸ್ಪೈಡರ್-ಮ್ಯಾನ್ ಆದ ಆಂಡ್ರ್ಯೂ ಗಾರ್ಫೀಲ್ಡ್ ಅವರ ಎರಡನೇ ಚಿತ್ರ ಬಂದದ್ದು 2014ರ ಮೇ ತಿಂಗಳಲ್ಲಿ. 2018ರ ಆರಂಭದವರೆಗೂ ಕೈಕಟ್ಟಿ ಕೂರಬಹುದಿತ್ತು. ಒತ್ತಿದ್ದು ಬೇರೆ. ಆ ಚಿತ್ರದ ಗಳಿಕೆ 71 ಕೋಟಿ ಡಾಲರ್ ಆಸುಪಾಸಿಗೆ ಇಳಿದಿತ್ತು, ಅಲ್ಲಿಯವರೆಗಿನ ಐದರಲ್ಲಿ ಅದೇ ಕಡಿಮೆ. ಮೇಲಿಂದ 2014ರ ನವೆಂಬರಿನಲ್ಲಿ ಸೋನಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದು, ಮಾರ್ವೆಲ್ ಜೊತೆ ಮಾತುಕತೆ ನಡೆದ ಇಮೇಲುಗಳು ಬೀದಿಗೆ ಬಂದವು. ಸೋತವನು ಪಾಲುದಾರನನ್ನು ಹುಡುಕುತ್ತಾನೆ, ಸೋನಿಯೂ ಹುಡುಕಿತು.

ಇನ್ನೊಂದು ದಾರಿಯಲ್ಲಿ ಗಾರ್ಫೀಲ್ಡ್ ಚಿತ್ರಗಳೇ ಇಲ್ಲ, ಆ ಸೋಲೂ ಇಲ್ಲ. ಇರುವುದು ವಾಯಿದೆ ಮಾತ್ರ. ವಾಯಿದೆ ಒತ್ತಿದಾಗ ಗುತ್ತಿಗೆದಾರ ಪಾಲು ಕೊಡುವುದಿಲ್ಲ, ಕೊಯ್ಲಿಗೆ ಇಳಿಯುತ್ತಾನೆ. ಐಖಿಂಗರ್ ಮಾಡಿದ್ದೂ ಅದನ್ನೇ. 1975ರಲ್ಲಿ ಹುಟ್ಟಿದ ಟೋಬಿಗೆ ಆಗ 39 ದಾಟಿರುತ್ತಿತ್ತು, ಕಾಲೇಜು ಹುಡುಗನ ವೇಷ ಹೊಂದುತ್ತಿರಲಿಲ್ಲ. ಆದ್ದರಿಂದ 2012ರಲ್ಲಿ ನಡೆದ 'ಮೊದಲಿನಿಂದ ಶುರು' ಎನ್ನುವುದು 2015–16ಕ್ಕೆ ಹೋಗುತ್ತಿತ್ತು, ಸೋನಿಯ ಒಬ್ಬಂಟಿ ಕೆಲಸವಾಗಿ. 1983ರಲ್ಲಿ ಹುಟ್ಟಿದ ಗಾರ್ಫೀಲ್ಡ್‌ಗೆ ಆಗ ವಯಸ್ಸು ಮೀರಿರುತ್ತಿತ್ತು. 1996ರಲ್ಲಿ ಹುಟ್ಟಿದ ಟಾಮ್ ಹಾಲೆಂಡ್‌ಗೆ ಮಾತ್ರ ಹದಿನೆಂಟು ತುಂಬಿ ಸರಿಯಾದ ವಯಸ್ಸು. ಹಾಗಾಗಿ ಹಾಲೆಂಡ್ ಬರುತ್ತಲೇ ಇರಲಿಲ್ಲ ಎನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಬರಬಹುದಿತ್ತು, ಟೋನಿ ಸ್ಟಾರ್ಕ್ ಅಂದರೆ ಮಾರ್ವೆಲ್‌ನ ಐರನ್ ಮ್ಯಾನ್ ಜೊತೆಗಿಲ್ಲದೆ.

ಹಾಗಿದ್ದರೆ ಮಾರ್ವೆಲ್ ಏನು ಮಾಡುತ್ತಿತ್ತು? ಇದಕ್ಕೆ ಊಹೆಯೇ ಬೇಡ, ಅವರದೇ ಹಳೆಯ ವೇಳಾಪಟ್ಟಿ ಇದೆ. 2015ರ ಆ ಘೋಷಣೆಯ ದಿನವೇ ಸ್ಪೈಡರ್-ಮ್ಯಾನ್‌ಗೆ 2017ರ ಜುಲೈಯಲ್ಲಿ ಜಾಗ ಮಾಡಲು ನಾಲ್ಕು ಚಿತ್ರಗಳನ್ನು ಹಿಂದಕ್ಕೆ ತಳ್ಳಿದರು. 'ಥಾರ್: ರಾಗ್ನರಾಕ್' ಜುಲೈಯಿಂದ ನವೆಂಬರಿಗೆ, 'ಬ್ಲ್ಯಾಕ್ ಪ್ಯಾಂಥರ್' 2017ರ ನವೆಂಬರಿನಿಂದ 2018ರ ಜುಲೈಗೆ, 'ಕ್ಯಾಪ್ಟನ್ ಮಾರ್ವೆಲ್' 2018ರ ಜುಲೈಯಿಂದ ನವೆಂಬರಿಗೆ, 'ಇನ್‌ಹ್ಯೂಮನ್ಸ್' 2018ರ ನವೆಂಬರಿನಿಂದ 2019ರ ಜುಲೈಗೆ. ಮುಂದೆ ಬ್ಲ್ಯಾಕ್ ಪ್ಯಾಂಥರ್ 2018ರ ಫೆಬ್ರವರಿಗೆ ಬಂತು, ಕ್ಯಾಪ್ಟನ್ ಮಾರ್ವೆಲ್ 2019ರ ಮಾರ್ಚಿಗೆ. ಇನ್‌ಹ್ಯೂಮನ್ಸ್ ತಳ್ಳುತ್ತಾ ತಳ್ಳುತ್ತಾ ಪಟ್ಟಿಯಿಂದಲೇ ಬಿದ್ದು, 2017ರಲ್ಲಿ ಟಿವಿ ಧಾರಾವಾಹಿಯಾಗಿ ಬಂದು ಒಂದೇ ಸೀಸನ್‌ಗೆ ಮುಗಿಯಿತು.

ಸ್ಪೈಡರ್-ಮ್ಯಾನ್ ಒಳಗೆ ಬಾರದ ಇತಿಹಾಸದಲ್ಲಿ ಆ ತಳ್ಳಾಟ ಇಲ್ಲ. ಇನ್‌ಹ್ಯೂಮನ್ಸ್ ದೊಡ್ಡ ತೆರೆಗೆ ಬರುವ ಸಾಧ್ಯತೆ ಹೆಚ್ಚಿತ್ತು, ಹೆಚ್ಚುಕಮ್ಮಿ ಮಾರ್ವೆಲ್‌ನ ಮೊದಲ ದೊಡ್ಡ ಸೋಲು ಅದೇ ಆಗಿರುತ್ತಿತ್ತೇನೋ. ಬ್ಲ್ಯಾಕ್ ಪ್ಯಾಂಥರ್ ನವೆಂಬರಿನಲ್ಲಿ ಬಂದಿದ್ದರೂ ಗೆಲ್ಲುತ್ತಿತ್ತು. ಆದರೆ ಸಾಮಾನ್ಯವಾಗಿ ಸಪ್ಪಗಿರುವ ಫೆಬ್ರವರಿಯಲ್ಲಿ ವಾರಗಟ್ಟಲೆ ಓಡಿದ ಆ ಓಟ ಸಿಗುತ್ತಿರಲಿಲ್ಲ. ಒಟ್ಟಿನಲ್ಲಿ ಮಾರ್ವೆಲ್ ಬೆಳೆಯುವುದಕ್ಕೆ ಸ್ಪೈಡರ್-ಮ್ಯಾನ್ ಬೇಕೇ ಇರಲಿಲ್ಲ. ಅದು ಬೆಳೆದದ್ದು 2005ರಲ್ಲಿ ಮೆರಿಲ್ ಲಿಂಚ್ ಎಂಬ ಹಣಕಾಸು ಸಂಸ್ಥೆಯ ಹತ್ತಿರ ಹತ್ತು ಪಾತ್ರ-ಬಳಗಗಳ ಸಿನಿಮಾ ಹಕ್ಕನ್ನು ಅಡವಿಟ್ಟು ತಂದ 52.5 ಕೋಟಿ ಡಾಲರ್ ಸಾಲದ ಮೇಲೆ. 2008ರಲ್ಲಿ 'ಐರನ್ ಮ್ಯಾನ್' ಬಿದ್ದಿದ್ದರೆ ಎಂದು ಯಾರಾದರೂ ಕೇಳಿದರೆ, ಆ ಉತ್ತರ ಇದಕ್ಕಿಂತ ಭಯಾನಕವಾಗಿರುತ್ತದೆ: ಕ್ಯಾಪ್ಟನ್ ಅಮೆರಿಕಾ, ಡಾಕ್ಟರ್ ಸ್ಟ್ರೇಂಜ್, ಬ್ಲ್ಯಾಕ್ ಪ್ಯಾಂಥರ್ ಎಲ್ಲ ಸಾಲ ಕೊಟ್ಟವನ ಮುಷ್ಟಿಯಲ್ಲಿದ್ದರು.

ಇನ್ನು 2021ರ 'ನೋ ವೇ ಹೋಮ್'. 190 ಕೋಟಿ ಡಾಲರ್ ದಾಟಿದ ಆ ಚಿತ್ರದಲ್ಲಿ ಟೋಬಿ, ಗಾರ್ಫೀಲ್ಡ್, ಹಾಲೆಂಡ್ ಮೂವರೂ ಒಂದೇ ಚೌಕಟ್ಟಿನಲ್ಲಿ ನಿಂತಾಗ ಚಿತ್ರಮಂದಿರಗಳು ಕೇಕೆ ಹಾಕಿದವಲ್ಲ, ಆ ಕೇಕೆಗೆ ಮೂಲ ಬಂಡವಾಳ ಎರಡು ಅರ್ಧಕ್ಕೆ ನಿಂತ ಸರಣಿಗಳು. ರೈಮಿಯ ನಾಲ್ಕನೆಯದನ್ನು ಉಳಿಸಿದರೆ ಈ ಚಿತ್ರ ಹೋಗುತ್ತದೆ. ಎರಡೂ ಬೇಕು ಎನ್ನುವ ಹಾಗಿಲ್ಲ.

ನಡುವೆ ನಮ್ಮ ಕಡೆಯದೂ ಒಂದು 'ಹೀಗಾಗಿದ್ದರೆ' ಇದೆ. 2002ರ ಸ್ಪೈಡರ್-ಮ್ಯಾನ್ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಡಬ್ಬಿಂಗ್‌ಗೆ ಅಡ್ಡಿ ಇದ್ದ ಕಾಲ ಅದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಮಾತಾಡುವ ಕಾರವಾರದ ಹುಡುಗರು ಸ್ಪೈಡರ್-ಮ್ಯಾನ್ ಆಗುವ ಪೀಟರ್ ಪಾರ್ಕರ್‌ನನ್ನು ಹಿಂದಿಯಲ್ಲೇ ಕೇಳಿ ಬೆಳೆದರು. ಆ ಅಡ್ಡಿ ತಪ್ಪು ಎಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. 2023ರ ಅನಿಮೇಷನ್ ಚಿತ್ರ 'ಅಕ್ರಾಸ್ ದ ಸ್ಪೈಡರ್-ವರ್ಸ್' ಹತ್ತು ಭಾಷೆಗಳಲ್ಲಿ ಬಂದಾಗ ಅವುಗಳಲ್ಲಿ ಕನ್ನಡವೂ ಇತ್ತು. ಆ ಅಡ್ಡಿ ಹದಿಮೂರು ವರ್ಷ ಮೊದಲೇ ಹೋಗಿದ್ದರೆ ಏನಾಗುತ್ತಿತ್ತು ಎನ್ನುವುದು ನನಗೆ ಟೋಬಿಯ ಭವಿಷ್ಯಕ್ಕಿಂತ ಹತ್ತಿರದ ಪ್ರಶ್ನೆ. ಅದನ್ನು ಬೇರೆಯಾಗಿ ಕೇಳಿ, ಜಗಳಕ್ಕೆ ಜನ ಸಿಗುತ್ತಾರೆ.

ನನಗೆ ಆಯ್ಕೆ ಕೊಟ್ಟರೆ? ತಾರೀಖನ್ನು 2012ಕ್ಕೆ ಹಾಕಿ, ರೈಮಿಗೆ ಕಥೆ ಕೂರಿಸಲು ಸಮಯ ಕೊಟ್ಟ ಇತಿಹಾಸವನ್ನು ಆರಿಸಿಕೊಳ್ಳುತ್ತೇನೆ. ಆ ಲೆಕ್ಕಕ್ಕೆ ವಾಯಿದೆಯೂ ಅಡ್ಡ ಬರುವುದಿಲ್ಲ: 2007ರ ಮೇ ತಿಂಗಳಿಗೆ 5 ವರ್ಷ 9 ತಿಂಗಳು ಕೂಡಿಸಿದರೆ 2013ರ ಫೆಬ್ರವರಿ ಆಗುತ್ತದೆ. ಮಾಲ್ಕೊವಿಚ್ ರೆಕ್ಕೆ ಬಿಚ್ಚಿ ಹಾರುವುದನ್ನು ನೋಡುವ ಆಸೆಯೇ ಇದಕ್ಕೆ ಕಾರಣ. ವಲ್ಚರ್ ಪಾತ್ರ 2017ರಲ್ಲಿ ಮೈಕೆಲ್ ಕೀಟನ್ ಪಾಲಾಯಿತು, ಅವರು ಚೆನ್ನಾಗಿಯೇ ಮಾಡಿದರು. ಮಾಲ್ಕೊವಿಚ್ ಕೊನೆಗೂ ಮಾರ್ವೆಲ್ ಚಿತ್ರಕ್ಕೆ ಬಣ್ಣ ಹಚ್ಚಿದ್ದು 2025ರ 'ಫೆಂಟಾಸ್ಟಿಕ್ ಫೋರ್'ಗೆ, ಅದರಲ್ಲೂ ಅವರ ಭಾಗವನ್ನು ಸಂಕಲನದಲ್ಲಿ ಕತ್ತರಿಸಿಬಿಟ್ಟರು. ಪುಣ್ಯಾತ್ಮನ ಹಣೆಯಲ್ಲಿ ಮಾರ್ವೆಲ್ ಬರೆದಂತೆ ಕಾಣುವುದಿಲ್ಲ.