ಪುಣೆಯಲ್ಲಿ ಮನೆ ಪಕ್ಕ ನೆರಳಿಗೆ ಯಾವ ಮರ ನೆಡಬೇಕು?

ಹೊಂಗೆ ನೆಡಿ. ಅದರ ನೆರಳಿನ ತಂಪನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿನ ನರ್ಸರಿಗಳಲ್ಲಿ ‘ಕರಂಜ್’ ಎಂದು ಕೇಳಿದರೆ ಕೊಡುತ್ತಾರೆ. ಎಲೆ ಉದುರಿದರೂ ಬಲುಬೇಗ ಚಿಗುರುತ್ತದೆ, ಬಿಸಿಲು ಏರುವ ಹೊತ್ತಿಗೆ ಹಸಿರಾಗಿರುತ್ತದೆ.

ಗುಲ್‌ಮೊಹರ್ ಮಾತ್ರ ದಯವಿಟ್ಟು ಬೇಡ. ಹೂವು ಚೆಂದ, ನಿಜ. ಆದರೆ ಮಡಗಾಸ್ಕರ್ ಮೂಲದ ಆ ಮರದ ಬೇರು ಆಳಕ್ಕಿಳಿಯುವುದಿಲ್ಲ, ಕೊಂಬೆ ಪೆಡಸು. ಮಳೆಗಾಲದ ಗಾಳಿಗೆ ಮುರಿದು ಬೀಳುತ್ತದೆ. ಆಲ, ಅರಳಿ ಗೋಡೆಯ ಹತ್ತಿರ ಸಲ್ಲವು.

ಯಾವ ಮರ ಎಂಬುದಕ್ಕಿಂತ ಎಲ್ಲಿ ನೆಡುತ್ತೀರಿ ಎಂಬುದು ಮುಖ್ಯ. ಮನೆ ಕಾಯುವುದು ಮಧ್ಯಾಹ್ನದ ನಂತರದ ಬಿಸಿಲಿಗೆ, ಹಾಗಾಗಿ ಪಶ್ಚಿಮಕ್ಕಿರಲಿ. ಗೋಡೆಯಿಂದ ಕನಿಷ್ಠ 15 ಅಡಿ ಬಿಡಿ. ನಿಮ್ಮದು ಎರೆಮಣ್ಣಾದರೆ ಇನ್ನೂ ದೂರ: ಆ ಮಣ್ಣು ಒಣಗಿದಾಗ ಕುಗ್ಗಿ, ನೆನೆದಾಗ ಉಬ್ಬುತ್ತದೆ, ಬೇರು ನೀರು ಹೀರಿದಷ್ಟೂ ಕುಗ್ಗುವಿಕೆ ಹೆಚ್ಚಿ ಪಾಯ ಬಿರುಕು ಬಿಡಬಹುದು. ಪೈಪು, ವಿದ್ಯುತ್ ತಂತಿ ಎಲ್ಲಿವೆ ಎಂದೂ ಮೊದಲೇ ನೋಡಿಕೊಳ್ಳಿ. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಅಂಗಳದ ಮರವಾದರೂ ಕಡಿಯಲು ಪಾಲಿಕೆಯ ಅನುಮತಿ ಬೇಕು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಟ್ಟು, ಮೊದಲ ಎರಡು ಬೇಸಿಗೆ ತಪ್ಪದೆ ನೀರುಣಿಸಿ.