ಒರಳುಗುಂಡಿನಂತೆ ಸುತ್ತುವ ಎಂಜಿನ್

ಪ್ರಶ್ನೆ: ತಂದೆಯವರು ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದವರು, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಯೆಜ್ಡಿ ಇಂದಿಗೂ ಮನೆಯಲ್ಲಿದೆ. ಜಪಾನಿನ ಮಜ್ದಾ ಆರ್‌ಎಕ್ಸ್-7 ಕಾರಿನಲ್ಲಿ ಪಿಸ್ಟನ್ನೇ ಇಲ್ಲವಂತೆ, ಅದೂ ಆಯಿಲ್ ಸುಡುತ್ತದಂತೆ. ಹಾಗಾದರೆ ಅದು ಟೂ ಸ್ಟ್ರೋಕ್ ಎಂಜಿನ್ನೇ?
(ಓದುಗರು, ಯಾದವಗಿರಿ, ಮೈಸೂರು)

ಉತ್ತರ: ಅಲ್ಲ, ಆದರೆ ಯೆಜ್ಡಿ ಬಲ್ಲವರಿಗೆ ಈ ಅನುಮಾನ ಬರುವುದು ಸಹಜ. ಒರಳುಕಲ್ಲಿನಲ್ಲಿ ಹಿಟ್ಟು ರುಬ್ಬುವಾಗ ಗುಂಡು ತಾನೂ ತಿರುಗುತ್ತದೆ, ಗುಳಿಯೊಳಗೆ ಸುತ್ತಲೂ ಸರಿಯುತ್ತದೆ. ಈ ಎಂಜಿನ್ನಿನಲ್ಲಿ ಪಿಸ್ಟನ್ನಿನ ಜಾಗದಲ್ಲಿರುವ ರೋಟರ್ ಸುತ್ತುವ ಬಗೆಯೂ ಹೆಚ್ಚುಕಡಿಮೆ ಅದೇ. ಬದಿಗಳು ಉಬ್ಬಿದ ತ್ರಿಕೋನದಂತಿರುವ ರೋಟರ್, ನಡು ತುಸು ಒಳಸೇರಿದ ಮೊಟ್ಟೆಯಾಕಾರದ ಕವಚದೊಳಗೆ ಸುತ್ತುವಾಗ ಅದರ ಮೂರು ಮೂಲೆಗಳೂ ಗೋಡೆಯನ್ನು ಬಿಡದೆ ಸವರುತ್ತವೆ. ನಡುವಿನ ಜಾಗ ಹಿಗ್ಗುತ್ತ ಕುಗ್ಗುತ್ತ ಸಾಗುವುದರಿಂದ ಹೀರುವುದು, ಒತ್ತುವುದು, ಉರಿಸುವುದು, ಹೊಗೆ ಹೊರದಬ್ಬುವುದು ಎಂಬ ನಾಲ್ಕು ಕೆಲಸಗಳೂ ಕವಚದ ಬೇರೆ ಬೇರೆ ಕಡೆ ನಡೆಯುತ್ತವೆ. ಕ್ರಮ ಫೋರ್ ಸ್ಟ್ರೋಕಿನದು. ಆದರೆ ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ, ಮೂರು ಬದಿಗಳಲ್ಲಿ ಮೂರು ಸಲ ಉರಿದಿರುತ್ತದೆ. ಅಂದರೆ ಒಂದು ರೋಟರಿಗೆ ಶಾಫ್ಟಿನ ಸುತ್ತಿಗೊಂದು ದಹನ; ಈ ಲೆಕ್ಕ ಮಾತ್ರ ನಿಮ್ಮ ಯೆಜ್ಡಿಯದೇ.

ಆಯಿಲ್ ಸುಡುವುದು ಮೂಲೆಗಳಲ್ಲಿರುವ ಏಪೆಕ್ಸ್ ಸೀಲ್ ಎಂಬ ಪಟ್ಟಿಗಳಿಗಾಗಿ. ಅವು ಒಣಗದಿರಲೆಂದು ಪುಟ್ಟ ಪಂಪೊಂದು ಅಳೆದು ಅಳೆದು ಆಯಿಲನ್ನು ಒಳಬಿಡುತ್ತದೆ. ಆದ್ದರಿಂದ ಆಯಿಲ್ ಮಟ್ಟ ಇಳಿಯಿತೆಂದು ಗಾಬರಿಯಾಗಬೇಕಿಲ್ಲ, ನೋಡದೆ ಬಿಟ್ಟರೆ ಮಾತ್ರ ಕೇಡು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಂಡುಹಿಡಿದ ಈ ಎಂಜಿನ್ನನ್ನು ಮಜ್ದಾದ ಊರಾದ ಹಿರೋಷಿಮಾದಲ್ಲಿ ಪರೀಕ್ಷಿಸಿದಾಗ ಸೀಲುಗಳು ಅದುರಿ ಗೋಡೆಯನ್ನೆಲ್ಲ ಗೀರಿಬಿಟ್ಟವು. ಅಲ್ಲಿನವರು ಆ ಗೀರುಗಳನ್ನು ದೆವ್ವದ ಉಗುರಿನ ಗುರುತು ಎಂದರು. ಮಜ್ದಾದ ಎಂಜಿನಿಯರ್ ಕೆನಿಚಿ ಯಾಮಾಮೊಟೊ ಅವರ ತಂಡ ಸೀಲಿನ ವಸ್ತುವನ್ನೇ ಬದಲಿಸಿ, 1967ರಲ್ಲಿ ಕಾಸ್ಮೋ ಸ್ಪೋರ್ಟ್ ಕಾರನ್ನು ಹೊರತಂದಿತು. ಆರ್‌ಎಕ್ಸ್-7 ಬಂದದ್ದು 1978ರಲ್ಲಿ.

ಪ್ರಶ್ನೆ: ಆರ್‌ಎಕ್ಸ್-7 ಮೂರು ತಲೆಮಾರುಗಳಲ್ಲಿ ಹೇಗೆ ಬದಲಾಯಿತು? ಏಕೆ ನಿಂತಿತು?
(ಓದುಗರು, ಮಂಡ್ಯ)

ಉತ್ತರ: ಎಂಜಿನ್ ಗಿಡ್ಡವೂ ಹಗುರವೂ ಆಗಿದ್ದುದರಿಂದ ಅದನ್ನು ಮುಂದಿನ ಆಕ್ಸಲ್‌ನ ಹಿಂದಕ್ಕೆ ಸರಿಸಿ ಕೂರಿಸಲು ಸಾಧ್ಯವಾಯಿತು, ಆ ತಗ್ಗಿದ ಬಾನೆಟ್, ತಿರುವಿನಲ್ಲಿ ಸಿಗುವ ಹಿಡಿತ ಎಲ್ಲವೂ ಅದರ ಫಲ. ಮೊದಲನೆಯದಕ್ಕೆ 1146 ಸಿಸಿಯ ಎಂಜಿನ್, ಹಿಂದೆ ಇಡಿಯಾದ ಆಕ್ಸಲ್. 1985ರ ಎರಡನೆಯದರಲ್ಲಿ 1308 ಸಿಸಿ, ಹಿಂದಿನ ಗಾಲಿಗಳಿಗೆ ಬಿಡಿಬಿಡಿ ಸಸ್ಪೆನ್ಷನ್. 1991ರ ಮೂರನೆಯದಕ್ಕೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ, ಒಂದರ ನಂತರ ಒಂದು ಕೆಲಸಕ್ಕಿಳಿಯುವ ಎರಡು ಟರ್ಬೊಗಳು; ಅಶ್ವಶಕ್ತಿ 255ರಿಂದ ಕೊನೆಗೆ 280ಕ್ಕೆ ಏರಿತು. ನನ್ನ ಕಣ್ಣಿಗೆ ಮೂರರಲ್ಲಿ ಇದೇ ಚೆಂದ, ಆದರೆ ಟರ್ಬೊಗಳನ್ನು ಆಳುವ ವ್ಯಾಕ್ಯೂಮ್ ಪೈಪುಗಳ ಗೋಜಲನ್ನು ಕಂಡ ಮೆಕ್ಯಾನಿಕ್ ಹಾಗೆನ್ನಲಾರ.

ಉರಿಯುವ ಜಾಗ ಉದ್ದಕ್ಕೂ ತೆಳುವಾಗಿ ಹರಡಿರುವುದರಿಂದ ಇಂಧನ ಪೂರ್ತಿ ಸುಡುವುದಿಲ್ಲ. ಮೈಲೇಜೂ ಕಡಿಮೆ, ಹೊಗೆಯೂ ಕೊಳಕು. ಮಾಲಿನ್ಯದ ನಿಯಮಗಳು ಬಿಗಿಯಾದ ಕಾಲದಲ್ಲಿ, 2002ರಲ್ಲಿ ಅದರ ತಯಾರಿಕೆ ನಿಂತಿತು. ಮರುವರ್ಷದ ಆರ್‌ಎಕ್ಸ್-8ರಲ್ಲಿ ಹೊಗೆಯ ಕಿಂಡಿಗಳನ್ನು ಪಕ್ಕದ ಗೋಡೆಗೆ ಸರಿಸಿದರೂ ಅದು 2012ರವರೆಗೆ ಮಾತ್ರ ಉಳಿಯಿತು. 2023ರಲ್ಲಿ ಬಂದ ಎಂಎಕ್ಸ್-30 ಆರ್-ಇವಿ ಎಂಬ ಕಾರಿನಲ್ಲಿ 830 ಸಿಸಿಯ ಒಂಟಿ ರೋಟರ್ ಇದೆ; ಅದು ಗಾಲಿಗಳನ್ನು ತಿರುಗಿಸುವುದಿಲ್ಲ, ಕರೆಂಟು ತಯಾರಿಸುವುದಷ್ಟೇ ಅದರ ಕೆಲಸ.